ಚಿತ್ರ ಎಂದಷ್ಟೇ ನುಡಿದ ಗೋಡೆ

ಹೊಸ್ತಿಲಿಲ್ಲದ ಮನೆಯವನಿಗೆ ಶರಣು. ಕಣ್ಣಿದ್ದವರಿಗೆ ಬೆಳಕಾಗಿ, ಕಣ್ಣಿಲ್ಲದವರಿಗೆ ದನಿಯಾಗಿ, ದನಿಯೂ ಕೇಳದವರಿಗೆ ಬೆನ್ನ ಮೇಲಿಟ್ಟ ಬೆಚ್ಚನೆಯ ಅಂಗೈಯಾಗಿ ಬರುವವನಿಗೆ ಶರಣು. ಬಾಗಿಲಿಗೆ ಬಂದವರನ್ನು ನೀನು ಯಾರೆಂದು ಒಮ್ಮೆಯೂ ಕೇಳದವನಿಗೆ ಶರಣು, ಶರಣು. ಅವನ ಹೆಸರು ಹೇಳಿ ಈ ಕಥೆ ಶುರುಮಾಡುತ್ತೇನೆ. ಇದರಲ್ಲಿ ರಕ್ತ ಬಹಳ ಇದೆ, ತಾಯಂದಿರೇ. ಹೆದರಬೇಡಿ, ಮಕ್ಕಳನ್ನು ಮಡಿಲಿಗೆ ಎಳೆದುಕೊಂಡು ಕೇಳಿ. ಅವನೂ ಕೇಳುತ್ತಿದ್ದಾನೆ.

ಒಂದು ಊರು. ಆ ಊರಲ್ಲಿ ಬಾವಿಯಿರಲಿಲ್ಲ, ಅಂಗಡಿಯಿರಲಿಲ್ಲ, ಕಣಜವಿರಲಿಲ್ಲ. ಊರ ನಡುವೆ ಒಂದು ಗಾಜಿನ ಗೋಡೆಯಿತ್ತು. ಗೋಡೆಯೊಳಗೆ ಸದಾ ಬೆಳಕು. ಈಗ ನಮ್ಮೆಲ್ಲರ ಅಂಗೈಯಲ್ಲಿ ಮಿನುಗುವ ಗಾಜಿನ ಹಲಗೆಯಿದೆಯಲ್ಲ, ಅದನ್ನೇ ಬೆಟ್ಟದಷ್ಟು ದೊಡ್ಡದು ಮಾಡಿ ನಿಲ್ಲಿಸಿದ ಹಾಗೆ ಅಂದುಕೊಳ್ಳಿ. ಗೋಡೆಯ ತುಂಬ ಚಿತ್ರಗಳು. ಮಣ್ಣಿನ ಕೊಡದ ಚಿತ್ರವನ್ನು ಬಲಗೈಯಿಂದ ಮುಟ್ಟಿದರೆ ನೀರು. ತೆನೆಯ ಚಿತ್ರ ಮುಟ್ಟಿದರೆ ಅಕ್ಕಿ. ಎಲೆಯ ಚಿತ್ರ ಮುಟ್ಟಿದರೆ ಮದ್ದು. ಹಾವಿನ ಚಿತ್ರ ಮುಟ್ಟಿದರೆ ಇಲಿಗೆ ಇಡುವ ವಿಷ. ಎಡಗೈ ಮುಟ್ಟಿದರೆ ಗೋಡೆಗೆ ಗುರುತು ಸಿಗುತ್ತಿರಲಿಲ್ಲ, ಅದು ಏನನ್ನೂ ಕೊಡುತ್ತಿರಲಿಲ್ಲ.

ಆ ಊರಿಗೆ ಒಂದು ಕಟ್ಟಳೆ. ಯಾರೂ ಯಾರ ಕೈಯಿಂದಲೂ ಏನನ್ನೂ ತೆಗೆದುಕೊಳ್ಳಕೂಡದು. ಕಟ್ಟಳೆ ಮಾಡಿದವರ ಮನಸ್ಸು ಕೆಟ್ಟದ್ದಲ್ಲ. ಕೊಡುವ ಕೈ ಮೇಲೆ, ಬೇಡುವ ಕೈ ಕೆಳಗೆ, ಇದು ಯಾಕೆ ಬೇಕು, ಎಲ್ಲರೂ ಗೋಡೆಯಿಂದಲೇ ತೆಗೆದುಕೊಳ್ಳಲಿ, ಯಾರೂ ಯಾರ ಮುಂದೆಯೂ ತಲೆ ತಗ್ಗಿಸದಿರಲಿ ಎಂದು ಹಿಂದಿನವರು ಹಾಗೆ ಮಾಡಿದರು. ಗೋಡೆ ಮುಟ್ಟುವ ಎತ್ತರಕ್ಕೆ ಬೆಳೆಯದ ಮಕ್ಕಳಿಗೆ ಮಾತ್ರ ಬಾಯಿಗೆ ತುತ್ತಿಡಬಹುದಿತ್ತು. ಮಿಕ್ಕಂತೆ, ಪಕ್ಕದ ಮನೆಯವಳು ಚಿಟಿಕೆ ಉಪ್ಪು ಕೊಟ್ಟರೂ ಗೋಡೆಯ ನೆತ್ತಿಯ ಗಂಟೆ ತಾನಾಗಿ ಮೊಳಗುತ್ತಿತ್ತು. ಕತ್ತಿಯವನು ಬರುತ್ತಿದ್ದ. ಉಪ್ಪು ಹಿಡಿದ ಬಲಗೈ ನೆಲಕ್ಕೆ ಬೀಳುತ್ತಿತ್ತು. ಜನ ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದರು: ಗೋಡೆ ಎಲ್ಲರದು, ಗೋಡೆ ಸುಳ್ಳಾಡದು.

ಗೋಡೆಯೂ ಬಂದವರನ್ನು ಒಂದು ಮಾತು ಕೇಳುತ್ತಿತ್ತು. 'ನೀನು ಮನುಷ್ಯನೇ? ಹಾಗಾದರೆ ದೀಪಗಳನ್ನು ತೋರಿಸು.' ಮೀನು, ಹಕ್ಕಿ, ಹಣ್ಣುಗಳ ನಡುವೆ ಅಲ್ಲೊಂದು ಇಲ್ಲೊಂದು ದೀಪದ ಚಿತ್ರವಿರುತ್ತಿತ್ತು. ಅವುಗಳನ್ನು ಮುಟ್ಟಿ ತೋರಿಸಿದರೆ ಗೋಡೆ ತೆರೆಯುತ್ತಿತ್ತು. ತಪ್ಪಿದರೆ ಮತ್ತೆ ಗಂಟೆ. ಆಗ ಕತ್ತಿಯಲ್ಲ, ಕಲ್ಲು. ತಪ್ಪಿದವರು ಮನುಷ್ಯರೂಪದ ಬೇರೆ ಏನೋ ಎಂದು ಊರು ನಂಬಿತ್ತು. ಅವರನ್ನು ಊರಾಚೆಯ ಕಂದಕ ದಾಟುವವರೆಗೆ ಕಲ್ಲು ಹೊಡೆದು ಅಟ್ಟುತ್ತಿದ್ದರು. ದಾಟಿದವರು ಅಲ್ಲೇ ಗುಡಿಸಲು ಹಾಕಿಕೊಂಡು, ಕಂದಕದ ನೀರು ಕುಡಿದು, ಸೊಪ್ಪುಸದೆ ತಿಂದು ಬದುಕುತ್ತಿದ್ದರು. ಅವರು ಒಬ್ಬರಿಗೊಬ್ಬರು ಕೈಯಿಂದಲೇ ಕೊಟ್ಟುಕೊಳ್ಳುತ್ತಿದ್ದರು. ಗಂಟೆಗೆ ಅಷ್ಟು ದೂರ ಕೇಳಿಸುತ್ತಿರಲಿಲ್ಲ.

ಕಣ್ಣಿಲ್ಲದವರು ಏನು ಮಾಡಬೇಕು ಎಂದು ನೀವು ಕೇಳುತ್ತೀರಿ. ಹಿಂದಿನವರೂ ಕೇಳಿಕೊಂಡಿದ್ದರು. ಪ್ರತಿ ಚಿತ್ರಕ್ಕೂ ಒಂದು ದನಿಯಿರಲಿ, ಬೆರಳು ಹತ್ತಿರ ಬಂದರೆ ಅದು ಮಾತಾಡಲಿ ಎಂದು ಅವರು ವಿಧಿಸಿದ್ದರು. ಚಿತ್ರಗಾರರು ವಿಧಿಯನ್ನು ಮೀರಲಿಲ್ಲ. ಪ್ರತಿ ಚಿತ್ರಕ್ಕೂ ದನಿ ಕೊಟ್ಟರು. ಕೊಡದ ಹತ್ತಿರ ಬೆರಳು ಬಂದರೆ ಅದು 'ಚಿತ್ರ' ಅನ್ನುತ್ತಿತ್ತು. ತೆನೆಯೂ 'ಚಿತ್ರ' ಅನ್ನುತ್ತಿತ್ತು. ದೀಪವೂ ಚಿತ್ರ, ಮೀನೂ ಚಿತ್ರ. ಎಲೆಯೂ ಚಿತ್ರ, ಹಾವೂ ಚಿತ್ರ.

ವರ್ಷಕ್ಕೊಮ್ಮೆ ಗೋಡೆಗೆ ಪರೀಕ್ಷೆ ನಡೆಯುತ್ತಿತ್ತು. ಅದಕ್ಕೊಂದು ಮನೆತನ. ಆ ಮನೆಯ ಹೆಣ್ಣು ರೇಷ್ಮೆ ಬಟ್ಟೆಯಿಂದ ಕಣ್ಣು ಕಟ್ಟಿಸಿಕೊಂಡು ಗೋಡೆಯ ಮುಂದೆ ನಿಲ್ಲುತ್ತಿದ್ದಳು. ತಡವಿ ತಡವಿ ದೀಪಗಳನ್ನು ತೋರಿಸುತ್ತಿದ್ದಳು, ನೀರು ತೆಗೆಯುತ್ತಿದ್ದಳು, ಅಕ್ಕಿ ತೆಗೆಯುತ್ತಿದ್ದಳು, ಮದ್ದು ತೆಗೆಯುತ್ತಿದ್ದಳು. ಆಮೇಲೆ ಬೆರಳಿನ ಮುದ್ರೆಯುಂಗುರವನ್ನು ಗೋಡೆಗೆ ಒತ್ತುತ್ತಿದ್ದಳು. 'ಎಲ್ಲರಿಗೂ ತೆರೆದಿದೆ' ಎಂಬ ಅಕ್ಷರ ಬಂಗಾರದ ಬಣ್ಣದಲ್ಲಿ ಮೂಡುತ್ತಿತ್ತು. ಹೊತ್ತು ಮುಳುಗುವ ಮೊದಲು ಮುದ್ರೆ ಬೀಳದಿದ್ದರೆ ಗೋಡೆ ವರ್ಷವಿಡೀ ನಿದ್ದೆಹೋಗುತ್ತದೆ ಎಂದು ಹೇಳುತ್ತಿದ್ದರು. ಉಂಗುರ ನೆಲಕ್ಕೆ ತಾಗಿದರೆ ಊರೇ ಸುಟ್ಟುಹೋಗುತ್ತದೆ ಎಂದೂ ಹೇಳುತ್ತಿದ್ದರು.

ಆ ಕಾಲದ ಪರೀಕ್ಷೆಯವಳು ಒಳ್ಳೆಯ ಹೆಣ್ಣು. ಸುಳ್ಳು ಗೊತ್ತಿಲ್ಲ, ಲಂಚ ಗೊತ್ತಿಲ್ಲ. ಅಂಬೆಗಾಲಿಡುವಾಗಿನಿಂದ ಗೋಡೆಯ ಬುಡದಲ್ಲೇ ಆಡಿ ಬೆಳೆದವಳು. ಯಾವ ಚಿತ್ರ ಎಲ್ಲಿದೆ ಎಂದು ನಿದ್ದೆಯಲ್ಲಿ ಕೇಳಿದರೂ ಬೆರಳಿಟ್ಟು ತೋರಿಸುತ್ತಿದ್ದಳು. ಅಂಥವಳು ಪರೀಕ್ಷೆ ಮಾಡುವುದು ತಪ್ಪೆಂದು ಆ ಊರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವಳಿಗೂ ಹೊಳೆದಿರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಅವಳು ಕಂದಕದಲ್ಲಿ ಮುಳುಗಿ ಶುದ್ಧಳಾಗಲು ಹೋದಳು. ಆಚೆ ದಡದಿಂದ ಒಬ್ಬಳು ಕೂಗಿದಳು. ಕಣ್ಣಿಲ್ಲದ ತಾಯಿ ಅವಳು.

'ಅಕ್ಕಾ, ಪರೀಕ್ಷೆಯವಳಾ ನೀನು? ಬಳೆ ಸದ್ದಿನಿಂದ ಗೊತ್ತಾಯಿತು. ನನ್ನ ಮಗಳಿಗೆ ಜ್ವರ. ಮೈ ಕಾದ ಹಂಚಾಗಿದೆ. ಎಲೆಯ ಮದ್ದು ಬೇಕು.'

'ಗೋಡೆಗೆ ಬಾ ತಾಯಿ. ಗೋಡೆ ಎಲ್ಲರದು.'

'ಬಂದಿದ್ದೆ ಕಣಕ್ಕಾ, ಹೋದ ವರ್ಷ. ಗಂಡನಿಗೆ ಹುಷಾರಿರಲಿಲ್ಲ. ಅದೇನು ಪುಣ್ಯವೋ, ದೀಪಗಳು ಕೈಗೆ ಸಿಕ್ಕವು. ಆಮೇಲೆ ಎಲೆ ಹುಡುಕಿದೆ. ಚಿತ್ರ ಅಂತು. ಮುಟ್ಟಿದೆ. ಪುಡಿ ಬಂತು. ಗಂಟೆಗೆ ಕೇಳಿಸದ ಈ ದಡಕ್ಕೆ ತಂದು ಅವನ ಬಾಯಿಗೆ ಹಾಕಿದೆ.' ಅವಳು ಸೆರಗಿನಿಂದ ಅಂಗೈ ಒರೆಸಿಕೊಂಡಳು. 'ಹಾವಿನ ಚಿತ್ರವಂತೆ ಅದು. ಗಂಡನ್ನ ಕೊಂದವಳು ಅಂತ ಆ ದಡದಿಂದ ಅವನ ಹೆಣದ ಮೇಲೇ ನನಗೆ ಕಲ್ಲು ಹೊಡೆದರು.'

ಪಕ್ಕದಲ್ಲಿ ಕೂತಿದ್ದ ನಡುಗುಗೈಯ ಅಜ್ಜ ನಕ್ಕ. 'ನನ್ನ ಕಥೆ ಕೇಳವ್ವಾ. ನನಗೆ ಕಣ್ಣು ಹದ್ದಿನ ಕಣ್ಣು. ದೀಪ ಕಾಣುತ್ತೆ. ಬೆರಳಿಡೋಕೆ ಹೋದರೆ ಬೆರಳು ತಾನೇ ಕುಣಿದುಕೊಂಡು ಮೀನಿನ ಮೇಲೆ ಹೋಗುತ್ತೆ. ಈ ವಯಸ್ಸಲ್ಲಿ ಕುಣಿಯೋನು ಮನುಷ್ಯನಲ್ಲ ಅಂತ ಗೋಡೆ ಹೇಳಿಬಿಡ್ತು.'

'ಅಜ್ಜಾ, ಸುಮ್ಮನಿರು,' ಅಂದಳು ಕಣ್ಣಿಲ್ಲದ ತಾಯಿ. 'ಅಕ್ಕಾ, ನಾನು ಯಾರ ಕೈಯಿಂದಲೂ ಬೇಡೋದಿಲ್ಲ. ದೀಪ ದೀಪ ಅನ್ನಲಿ, ಎಲೆ ಎಲೆ ಅನ್ನಲಿ, ಸಾಕು. ನಾನೇ ಬಂದು ತೆಗೆದುಕೊಂಡು ಹೋಗ್ತೀನಿ. ಅಲ್ಲಿವರೆಗೆ ನಾಳೆ ಮುದ್ರೆ ಒತ್ತಬೇಡ.'

ಪರೀಕ್ಷೆಯವಳು ಮರುಕದಿಂದ ಹೇಳಿದಳು, 'ತಾಯಿ, ನಾನೂ ಕಣ್ಣು ಕಟ್ಟಿಕೊಂಡೇ ತೆರೆಯುತ್ತೇನೆ. ನನಗೆ ಆಗುವುದು ನಿನಗೆ ಯಾಕೆ ಆಗದು? ಮನಸ್ಸಿಟ್ಟು ಮಾಡಬೇಕು.'

'ಕಣ್ಣು ಕಟ್ಟಿಕೊಂಡರೆ ಕುರುಡಾಗಲ್ಲ ಅಕ್ಕಾ. ಬಿಚ್ಚುವ ಗಂಟು ನಿನ್ನ ಕೈಯಲ್ಲೇ ಇರುತ್ತೆ.'

ಪರೀಕ್ಷೆಯವಳು ಮುಳುಗು ಹಾಕಿ ಎದ್ದು, ಒದ್ದೆ ಬಟ್ಟೆಯಲ್ಲೇ ಹೊರಟುಹೋದಳು.

ಮರುದಿನ ಊರೆಲ್ಲ ಗೋಡೆಯ ಮುಂದೆ ಸೇರಿತು. ಗೋಡೆಯ ಉಸ್ತುವಾರಿಯಿದ್ದ ಯಜಮಾನ ತಾನೇ ಅವಳ ಕಣ್ಣಿಗೆ ರೇಷ್ಮೆ ಕಟ್ಟಿದ. ಕಟ್ಟಿ, ಗಂಟು ಬಿಗಿದು, ಗೋಡೆಗೆ ಹಾಕಿದ್ದ ತೆರೆಯನ್ನು ಸರಿಸಿದ. ಜನ ಆಹಾ ಎಂದರು. ಯಜಮಾನ ಅವಳ ಕಿವಿಯಲ್ಲಿ ಪ್ರೀತಿಯಿಂದ ಹೇಳಿದ, 'ತಾಯಿ, ಹಳೆಯದೆಲ್ಲ ಮಂಕಾಗಿತ್ತು. ಈ ಸಲ ನಿಮಗೋಸ್ಕರ ಗೋಡೆಯನ್ನು ಹೊಸದಾಗಿ ಮಾಡಿಸಿದ್ದೇನೆ. ಒಂದು ಚಿತ್ರವೂ ಹಿಂದಿನ ಜಾಗದಲ್ಲಿಲ್ಲ. ಎಷ್ಟು ಚೆಂದ ಆಗಿದೆ ಗೊತ್ತಾ?'

ಪರೀಕ್ಷೆಯವಳ ಬೆರಳು ತಾನಾಗಿ ಹಳೆಯ ದೀಪದ ಜಾಗಕ್ಕೆ ಹೋಗಿ ನಿಂತಿತು.

'ನೀನು ಮನುಷ್ಯನೇ?' ಅಂದಿತು ಗೋಡೆ. 'ಹಾಗಾದರೆ ದೀಪಗಳನ್ನು ತೋರಿಸು.'

ಅವಳು ಕೈ ಚಾಚಿದಳು. ಬೆರಳ ತುದಿಯಲ್ಲಿ ಒಂದು ದನಿ 'ಚಿತ್ರ' ಅಂದಿತು. ಇನ್ನೊಂದು ಕಡೆ ಚಾಚಿದಳು. 'ಚಿತ್ರ.' ಮೇಲೆ. 'ಚಿತ್ರ.' ಕೆಳಗೆ. 'ಚಿತ್ರ.' ಗಾಜು ಎಲ್ಲ ಕಡೆಯೂ ಒಂದೇ ನುಣುಪು, ಒಂದೇ ತಂಪು. ಕೊನೆಗೆ ಒಂದು ಚಿತ್ರವನ್ನು ಒತ್ತಿದಳು. ಅದು ಮೀನು.

ಗಂಟೆ ಮೊಳಗಿತು.

ಜನ ಒಬ್ಬರ ಮುಖ ಒಬ್ಬರು ನೋಡಿದರು. ಗಂಟೆ ನಿಲ್ಲಲಿಲ್ಲ. ಯಜಮಾನನ ಕಣ್ಣಲ್ಲಿ ನೀರು ಬಂತು, ನಿಜವಾದ ನೀರೇ. ಅವನು ಬಾಗಿ ಒಂದು ಕಲ್ಲು ಎತ್ತಿಕೊಂಡ. 'ಗೋಡೆ ಸುಳ್ಳಾಡದು ತಾಯಿ,' ಅಂದ. ಎಸೆದ.

ಆ ಕಲ್ಲು ಅವಳ ಬಾಯಿಗೆ ಬಿತ್ತು. ಆಮೇಲೆ ಎಲ್ಲರೂ ಎತ್ತಿಕೊಂಡರು. ಅವಳ ಕೈಯ ಮುದ್ರೆಯಿಂದ ವರ್ಷವರ್ಷವೂ ಅನ್ನ ಉಂಡವರು ಹೊಡೆದರು. ಅವಳನ್ನು ಎತ್ತಿ ಆಡಿಸಿದವರು ಹೊಡೆದರು. ಅಳುತ್ತ ಹೊಡೆದರು, ಜಪದ ಹಾಗೆ ಹೇಳುತ್ತ ಹೊಡೆದರು: ಗೋಡೆ ಎಲ್ಲರದು, ಗೋಡೆ ಸುಳ್ಳಾಡದು. ಅವಳು ಗಂಟು ಬಿಚ್ಚಲು ಕೈ ಹಿಂದಕ್ಕೆ ಒಯ್ದಾಗ ಒಂದು ಕಲ್ಲು ರೇಷ್ಮೆಯ ಮೇಲೆ, ಒಂದು ಕಣ್ಣಿನ ಜಾಗದಲ್ಲಿ ಬಿತ್ತು. ಇನ್ನೊಂದು ಕಲ್ಲು ಇನ್ನೊಂದು ಕಣ್ಣಿನ ಜಾಗದಲ್ಲಿ ಬಿತ್ತು. ರೇಷ್ಮೆ ನೆನೆದು ಕೆಂಪಾಯಿತು. ತೆವಳಿದಳು, ಎದ್ದಳು, ಬಿದ್ದಳು, ಉಂಗುರದ ಬೆರಳನ್ನು ಮಾತ್ರ ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು ಕಂದಕಕ್ಕೆ ಉರುಳಿದಳು. ಭಗವಂತ ಆಗ ಎಲ್ಲಿದ್ದ ಎಂದು ಕೇಳಬೇಡಿ. ಕಂದಕದ ಆಚೆ ದಡದಲ್ಲಿ, ನೀರಿಗೆ ಕೈ ಚಾಚಿ ಕೂತಿದ್ದ.

ಆ ಕೈ ಕಣ್ಣಿಲ್ಲದ ತಾಯಿಯದು. ಜುಟ್ಟು ಹಿಡಿದು ದಡಕ್ಕೆ ಎಳೆದಳು. ಬೊಗಸೆಯಲ್ಲಿ ನೀರು ಕುಡಿಸಿದಳು. ಹುಟ್ಟಿದ ಮೇಲೆ, ಬುದ್ಧಿ ಬಂದ ಮೇಲೆ, ಪರೀಕ್ಷೆಯವಳು ಇನ್ನೊಬ್ಬರ ಕೈಯಿಂದ ಕುಡಿದ ಮೊದಲ ನೀರು ಅದು.

'ಬಟ್ಟೆ ಬಿಚ್ಚಿದೆ ಅಕ್ಕಾ. ಈಗ ಕಾಣುತ್ತಾ?'

'ಇಲ್ಲ.'

'ಹಾಗಾದರೆ ನೀನು ಪರೀಕ್ಷೆ ಮಾಡಿದ್ದು ಇವತ್ತೇ.'

ಗುಡಿಸಲೊಳಗೆ ಮಗು ನರಳುತ್ತಿತ್ತು. ಪರೀಕ್ಷೆಯವಳು ದನಿ ಬಂದ ಕಡೆ ತೆವಳಿ ಹೋಗಿ ಅದರ ಹಣೆ ಮುಟ್ಟಿದಳು. ಕೈ ಸುಟ್ಟಂತಾಯಿತು. 'ಮನಸ್ಸಿಟ್ಟು ಮಾಡಬೇಕು' ಎಂದು ನಿನ್ನೆ ತಾನು ಹೇಳಿದ್ದು ನೆನಪಾಗಿ, ಅವಳ ಒಡೆದ ಬಾಯಿ ಅಳುವಿಗೆ ಇನ್ನೊಮ್ಮೆ ಒಡೆಯಿತು.

ಹೊತ್ತು ಇಳಿಯಿತು. ಯಜಮಾನ ಊರನ್ನೆಲ್ಲ ಹಿಂದಿಟ್ಟುಕೊಂಡು ಕಂದಕದ ಅಂಚಿಗೆ ಬಂದ. 'ತಾಯಿ, ಮುದ್ರೆ ಬೀಳಬೇಕು. ಬಂದು ಒತ್ತಿಹೋಗು. ನಿನಗೆ ಯಾರೂ ಕಲ್ಲು ಹೊಡೆಯದ ಹಾಗೆ ನೋಡಿಕೊಳ್ಳುತ್ತೇನೆ.'

'ಚಿತ್ರಗಳಿಗೆ ಅವುಗಳ ಹೆಸರು ಹೇಳಿಕೊಡಿ. ಈ ಮಗುವಿನ ತಾಯಿ ಬಂದು ಮದ್ದು ತೆಗೆದುಕೊಂಡು ಹೋಗಲಿ. ಆಮೇಲೆ ಒತ್ತುತ್ತೇನೆ.'

'ಅದೆಲ್ಲ ಇವತ್ತಿಗೆ ಆಗುವ ಕೆಲಸವೇ?'

'ಮದ್ದನ್ನು ಮದ್ದು ಅನ್ನೋಕೆ ಎಷ್ಟು ಹೊತ್ತು ಬೇಕು ಸ್ವಾಮೀ?' ಎಂದ ನಡುಗುಗೈಯ ಅಜ್ಜ. 'ನನಗೆ ನಾಲಗೆ ನಡುಗಲ್ಲ. ಬೇಕಾದರೆ ನಾನೇ ಬಂದು ಹೇಳಿಕೊಡ್ತೀನಿ.'

ಯಜಮಾನ ಮುಖ ತಿರುಗಿಸಿದ. ಸೂರ್ಯ ಕೆಳಗಿಳಿಯುತ್ತಿದ್ದ. ಅವನು ಕತ್ತಿಯವನನ್ನು ಕರೆದು ಹೇಳಿದ, 'ಅವಳ ಕೈಯಿಂದ ಉಂಗುರ ತೆಗೆದುಕೊಳ್ಳಬೇಡ. ಅದು ಕಟ್ಟಳೆ ಮುರಿದ ಹಾಗೆ. ಕೈಯನ್ನೇ ತೆಗೆದುಕೊಂಡು ಬಾ.'

ಕತ್ತಿಯವನು ಕಂದಕ ದಾಟಿದ. ಪರೀಕ್ಷೆಯವಳು ಹೆಜ್ಜೆ ಸಪ್ಪಳ ಕೇಳಿ ಬಲಗೈಯನ್ನು ತಾನಾಗಿ ಕಲ್ಲಿನ ಮೇಲಿಟ್ಟಳು. 'ಅಣ್ಣಾ, ಮಗು ಈ ಕಡೆ ಮಲಗಿದೆ. ರಕ್ತ ಅದರ ಮೇಲೆ ಸಿಡಿಯದ ಹಾಗೆ ಹೊಡಿ.' ಕತ್ತಿಯವನ ಕೈ ಮೊದಲ ಸಲ ತಡೆಯಿತು. ಆಮೇಲೆ ಬಿತ್ತು.

ಅವನು ಕಡಿದ ಕೈಯನ್ನು ಎತ್ತಿಕೊಂಡು ಊರ ನೆಲಕ್ಕೆ ಕಾಲಿಟ್ಟದ್ದೇ ತಡ, ಗಂಟೆ ಮೊಳಗಿತು. ಕೈಯಿಂದ ಕೈಗೆ ಬಂದದ್ದು ಕೈಯೇ ಆದರೂ ಗಂಟೆಗೆ ಎಲ್ಲ ಒಂದೇ.

'ಒಡೆಯಾ, ನೀವೇ ಹೇಳಿದಿರಲ್ಲ!' ಎಂದ ಕತ್ತಿಯವನು.

'ಗೋಡೆ ಸುಳ್ಳಾಡದು,' ಎಂದರು ಜನ. ಯಜಮಾನನೂ ಎಂದ. ಊರ ಹಿರಿಯನೊಬ್ಬ ಕತ್ತಿ ಕಸಿದುಕೊಂಡು ಕತ್ತಿಯವನ ಬಲಗೈ ಕಡಿದ. ಉಂಗುರ ನೆಲಕ್ಕೆ ತಾಗುವ ಮೊದಲು ಹಿಡಿದುಕೊಂಡು ತನ್ನ ಬೆರಳಿಗೆ ಹಾಕಿಕೊಂಡ. ಗಂಟೆ ಮೊಳಗಿತು. ಹಿರಿಯನ ಮಗ ಹಿರಿಯನ ಕೈ ಕಡಿದ. ಉಂಗುರ ಹಿಡಿದ. ಗಂಟೆ ಮೊಳಗಿತು. ಅಳಿಯ ಮಗನ ಕೈ ಕಡಿದ. ಗಂಟೆ ಮೊಳಗಿತು. 'ಕೆಳಗೆ ಬಿಡ್ರೋ, ಬಿಟ್ಟುಬಿಡ್ರೋ!' ಎಂದು ಅಜ್ಜ ಆಚೆಯಿಂದ ಗಂಟಲು ಹರಿಯುವಂತೆ ಕೂಗಿದ. ಯಾರು ಬಿಡುತ್ತಾರೆ? ನೆಲಕ್ಕೆ ತಾಗಿದರೆ ಊರೇ ಸುಟ್ಟುಹೋಗುತ್ತದಲ್ಲ. ಓಡಿದವರನ್ನು ಹಿಡಿದು ತಂದರು. ಗಂಟೆಯ ಸದ್ದು, ಕತ್ತಿಯ ಸದ್ದು, ಕೈ ನೆಲಕ್ಕೆ ಬೀಳುವ ಮೆತ್ತನೆಯ ಸದ್ದು. ಗಂಡ ಹೆಂಡತಿಯ ಕೈ ಕಡಿದ, ಹೆಂಡತಿಯ ಅಣ್ಣ ಗಂಡನ ಕೈ ಕಡಿದ. ಚಿತ್ರ ಬರೆದವರ ಕೈಗಳೂ ಬಿದ್ದವು. ಗೋಡೆಯ ಬುಡದಲ್ಲಿ ರಕ್ತ ಕಾಲುವೆಯಾಗಿ ಹರಿದು, ಗಾಜಿನ ಬೆಳಕಿನಲ್ಲಿ ಹೊಳೆಯಿತು. ಎದೆಯ ಮೇಲೆ ಇಡಲು ಕೈಯಿಲ್ಲದವರೂ ಹೇಳಿದರು: ಗೋಡೆ ಎಲ್ಲರದು.

ಕೊನೆಗೆ ಉಂಗುರ ಯಜಮಾನನ ಬೆರಳಿಗೆ ಬಂತು. ಗಂಟೆ ಮೊಳಗಿತು. ಕತ್ತಿ ಅವನ ಎಡಗೈಯಲ್ಲಿತ್ತು. ಸುತ್ತ ನೋಡಿದ. ಚಿಕ್ಕ ಮಕ್ಕಳನ್ನು ಬಿಟ್ಟರೆ ಬಲಗೈ ಇದ್ದವರು ಒಬ್ಬರೂ ಇರಲಿಲ್ಲ.

'ಮುದ್ರೆ ಒತ್ತಿಬಿಡುತ್ತೇನೆ. ಊರು ಉಳಿಯುತ್ತದೆ,' ಎಂದ ಮೆಲ್ಲಗೆ.

ಕತ್ತಿಯವನು ಕುಸಿದು ಕೂತಲ್ಲಿಂದ ತಲೆಯೆತ್ತಿದ. 'ಒಡೆಯಾ, ಗೋಡೆ ಸುಳ್ಳಾಡದು ಅಲ್ಲವಾ?'

ಎಲ್ಲರೂ ಅವನನ್ನು ನೋಡಿದರು, ಅಷ್ಟೇ. ಯಜಮಾನ ಬಲಗೈಯನ್ನು ಗೋಡೆಯ ಕಟ್ಟೆಯ ಮೇಲಿಟ್ಟು ಎಡಗೈಯಿಂದ ಹೊಡೆದುಕೊಂಡ. ಒಂದೇ ಏಟಿಗೆ ಆಗಲಿಲ್ಲ.

ಉಂಗುರ ಉರುಳಿ ನೆಲಕ್ಕೆ ಬಿತ್ತು. ಊರು ಸುಡಲಿಲ್ಲ. ಒಂದು ನಾಯಿ ಬಂದು ಉಂಗುರವನ್ನು ಮೂಸಿ ಹೋಯಿತು.

ಗಂಟೆ ನಿಂತ ಮೇಲೆ ಕೇಳಿಸಿದ್ದು ನರಳಾಟ ಒಂದೇ. ನೀರು, ನೀರು. ಕೊಡದ ಚಿತ್ರ ಎದುರಿಗೇ ಹೊಳೆಯುತ್ತಿತ್ತು. ಎಲ್ಲರಿಗೂ ಕಾಣುತ್ತಿತ್ತು. ಮುಟ್ಟಲು ಬಲಗೈಯಿರಲಿಲ್ಲ. ಕೆಲವರು ಎಡಗೈಯಿಂದ ಬಡಿದರು. ಕೆಲವರು ಹಣೆಯಿಂದ ಬಡಿದರು. ಗೋಡೆ ಅವರನ್ನೂ ಕೇಳಿತು: ನೀನು ಮನುಷ್ಯನೇ?

ಆಗ ಕಣ್ಣಿಲ್ಲದ ತಾಯಿ ಕಂದಕ ದಾಟಿ ಬಂದಳು. ಅಜ್ಜ ತಡೆದ, 'ಹುಚ್ಚಿ, ಕಲ್ಲು ಹೊಡೀತಾರೆ ಕಣೇ.' 'ಯಾವ ಕೈಯಿಂದ ಅಜ್ಜಾ?' ಎಂದು ಬಂದಳು. ಬಿದ್ದ ಕೈಗಳ ನಡುವೆ ಕಾಲಿನಿಂದ ತಡವುತ್ತ, ಜಾರುತ್ತ, ಗೋಡೆಯವರೆಗೆ ಬಂದಳು. ಗೋಡೆ ಅವಳನ್ನೂ ಕೇಳಿತು. ಅವಳು ಗೋಡೆಗೆ ಬೆನ್ನು ಮಾಡಿ ಊರಿನ ಕಡೆ ತಿರುಗಿದಳು.

'ದೀಪ ಎಲ್ಲಿದೆ ಅಂತ ಯಾರಾದರೂ ಹೇಳ್ರಪ್ಪಾ. ನನಗೆ ಕಾಣಲ್ಲ.'

ಇಷ್ಟೇ ಮಾತು, ತಂದೆ ತಾಯಂದಿರೇ. ಆ ಊರಲ್ಲಿ ಈ ಮಾತಿಗೆ ಗಂಟೆಯಿರಲಿಲ್ಲ. ಕೈಯಿಂದ ಕೈಗೆ ಕೊಡಬಾರದು ಎಂದಿತ್ತೇ ಹೊರತು ಬಾಯಿಂದ ಕಿವಿಗೆ ಕೊಡಬಾರದು ಎಂದು ಯಾರೂ ಹೇಳಿರಲಿಲ್ಲ. ಆದರೂ ಅಲ್ಲಿಯವರೆಗೆ ಒಬ್ಬರೂ ಕೊಟ್ಟಿರಲಿಲ್ಲ.

ಬಹಳ ಹೊತ್ತಾದ ಮೇಲೆ ಕೆಳಗಿನಿಂದ ಒಂದು ದನಿ ಬಂತು. ಯಜಮಾನನದು. 'ಬಲಕ್ಕೆ. ಇನ್ನೂ ಸ್ವಲ್ಪ. ಅದು ಮೀನು, ಬೇಡ. ಅದರ ಮೇಲೆ. ಹ್ಞಾಂ, ಅದು ದೀಪ.' ಅವಳು ಮುಟ್ಟಿದಳು. 'ಈಗ ಎಡಕ್ಕೆ. ಕೆಳಗೆ. ಅದು ದೀಪ.' ಮುಟ್ಟಿದಳು. ಗೋಡೆ ತೆರೆಯಿತು.

'ಎಲೆ?' ಎಂದಳು. ಅವಳ ಬೆರಳು ಗಾಳಿಯಲ್ಲಿ ನಿಂತಿತ್ತು. ಅದರ ಮುಂದೆಯೇ ಹಾವಿನ ಚಿತ್ರವಿತ್ತು. ಬೆರಳಿಗೆ ಅದು 'ಚಿತ್ರ' ಅಂದಿತು.

'ಮುಟ್ಟಬೇಡ!' ಯಜಮಾನ ಚೀರಿದ. 'ತಾಯೀ, ಅದು ಹಾವು. ಅದು ವಿಷ.' ಹೇಳುತ್ತ ಹೇಳುತ್ತ ಅವನು ಬಿಕ್ಕಿದ. ಹೋದ ವರ್ಷವೂ ಅವನು ಅಲ್ಲೇ ನಿಂತಿದ್ದ. ಹೋದ ವರ್ಷವೂ ಅವನಿಗೆ ಕಂಡಿತ್ತು. 'ನಿನ್ನ ಭುಜದ ಎತ್ತರಕ್ಕೆ. ಬಲಕ್ಕೆ. ಅದು ಎಲೆ. ಅದು ಮದ್ದು ತಾಯಿ. ಅದು ಮದ್ದು.'

ಅವಳು ಮದ್ದನ್ನು ಸೆರಗಿಗೆ ಕಟ್ಟಿಕೊಂಡಳು. ಜನ ಕೂಗಿದರು, ನಮಗೆ ನೀರು, ನಮಗೆ ನೀರು. 'ಮೊದಲು ನನ್ನ ಮಗು,' ಎಂದು ಹೊರಟಳು. ಹೋಗುತ್ತ ಕಂದಕದ ಕಡೆ ಕೂಗಿ ಹೇಳಿದಳು, 'ಅಜ್ಜಾ, ಎಲ್ಲರನ್ನೂ ಕರಕೊಂಡು ಬಾ. ಇಲ್ಲಿ ಕೈ ಬೇಕಾಗಿದೆ.'

ಅವರು ಬಂದರು. ಕಿವುಡರು ಬಂದರು, ಕುಂಟರು ಬಂದರು, ಕಾಣದವರು ಬಂದರು. ಪರೀಕ್ಷೆಯವಳನ್ನೂ ಎತ್ತಿಕೊಂಡು ಬಂದರು. ಅಜ್ಜನ ನಡುಗುವ ಕೈಯನ್ನು ಒಬ್ಬ ಮೂಗ ಭದ್ರವಾಗಿ ಹಿಡಿದು ಕೊಡದ ಮೇಲೆ ಇರಿಸಿದ. ನೀರು ಬಂತು. ಬೊಗಸೆಯಿಂದ ಬಾಯಿಗೆ, ಬೊಗಸೆಯಿಂದ ಬಾಯಿಗೆ. ಗಂಟೆ ಮೊಳಗಿತು, ಮೊಳಗಿತು, ಮೊಳಗುತ್ತಲೇ ಇತ್ತು. ಒಬ್ಬರೂ ತಲೆಯೆತ್ತಿ ನೋಡಲಿಲ್ಲ. ಮೊಳಗಿ ಮೊಳಗಿ ಅದು ಬಿರುಕುಬಿಟ್ಟಿತು.

ಸೂರ್ಯ ಅಂಚಿಗೆ ಬಂದಿದ್ದ. ಯಾರೋ ಉಂಗುರವನ್ನು ನೆಲದಿಂದ ಆರಿಸಿ, ಮಗುವಿಗೆ ಮದ್ದು ಕುಡಿಸಿ ಬಂದ ತಾಯಿಯ ಅಂಗೈಯಲ್ಲಿಟ್ಟರು. ಅವಳು ಪರೀಕ್ಷೆಯವಳನ್ನು ಕೇಳಿದಳು, 'ಅಕ್ಕಾ, ಒತ್ತಲಾ?'

ಪರೀಕ್ಷೆಯವಳು ಕಡಿದ ತೋಳನ್ನು ಎದೆಗೆ ಅವಚಿಕೊಂಡು ಗೋಡೆಗೆ ಒರಗಿದ್ದಳು. 'ಇವತ್ತು ಇಲ್ಲಿ ಎಲ್ಲರೂ ಬಂದಿದ್ದಾರಾ?'

'ನಮ್ಮ ಪಕ್ಕದ ಗುಡಿಸಲಲ್ಲಿ ಒಬ್ಬಳು ಉಳಿದಿದ್ದಾಳೆ. ಹಾಸಿಗೆಯಿಂದ ಏಳಲಾರಳು.'

'ಹಾಗಾದರೆ ಬೇಡ.'

ಸೂರ್ಯ ಮುಳುಗಿದ. ಜನ ಗೋಡೆಯ ಕಡೆ ತಿರುಗಿದರು. ಗೋಡೆ ನಿದ್ದೆಹೋಗಲಿಲ್ಲ. ಮುದ್ರೆಯಿಲ್ಲದಿದ್ದರೆ ಹೋಗುತ್ತದೆ ಎಂದು ಎಲ್ಲರೂ ಕೇಳಿದ್ದರು, ಒಬ್ಬರೂ ನೋಡಿರಲಿಲ್ಲ.

ಮಗಳ ಜ್ವರ ಇಳಿಯಿತು. ಚಿತ್ರಗಳಿಗೆ ಅವುಗಳ ಹೆಸರು ಕಲಿಸಲು ಬಹಳ ಕಾಲ ಹಿಡಿಯಿತು, ಕಲಿಸಬೇಕಾದವರಿಗೆ ಬಲಗೈಯಿರಲಿಲ್ಲ ನೋಡಿ. ಅಲ್ಲಿಯವರೆಗೆ ಯಜಮಾನ ಗೋಡೆಯ ಬುಡದಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದ: ಇದು ನೀರು. ಇದು ಅಕ್ಕಿ. ಇದು ಹಾವು, ಮುಟ್ಟಬೇಡಿ. ಗಂಟಲು ಕಟ್ಟಿದಾಗ ಕತ್ತಿಯವನು ಹೇಳುತ್ತಿದ್ದ. ಆ ತಾಯಿ ಮದ್ದಿಗೆ ಬಂದಾಗಲೆಲ್ಲ ಯಜಮಾನ ಎದ್ದು ನಿಂತು ಹೇಳುತ್ತಿದ್ದ. ಅವಳು ಅವನನ್ನು ಕ್ಷಮಿಸಿದಳೋ ಇಲ್ಲವೋ, ನನಗೆ ಗೊತ್ತಿಲ್ಲ. ಅವನು ಹೇಳಿದ ಕಡೆ ಬೆರಳಿಡುತ್ತಿದ್ದಳು, ಅಷ್ಟು ಗೊತ್ತು.

ಪರೀಕ್ಷೆ ಈಗಲೂ ನಡೆಯುತ್ತದೆ. ಕಣ್ಣಿಗೆ ಯಾರೂ ಬಟ್ಟೆ ಕಟ್ಟುವುದಿಲ್ಲ. ಪರೀಕ್ಷೆಯವಳು ಕಂದಕದ ಅಂಚಿಗೆ ಹೋಗಿ, ಇನ್ನೂ ಯಾರಿದ್ದೀರಿ ಎಂದು ಕೂಗುತ್ತಾಳೆ. ಆಚೆಯಿಂದ ಪ್ರತಿ ಸಲವೂ ಯಾರಾದರೊಬ್ಬರು ಓಗೊಡುತ್ತಾರೆ. ಅವರನ್ನು ಕರೆತಂದು ಗೋಡೆಯ ಮುಂದೆ ನಿಲ್ಲಿಸಿ, ಅವರಿಗೆ ಎಲ್ಲಿ ತಡೆಯಿತೋ ಅಲ್ಲಿ ಗೋಡೆಯನ್ನು ತಿದ್ದುತ್ತಾರೆ. ಉಂಗುರ ಒಂದು ಮೊಳೆಗೆ ತೂಗಿಕೊಂಡು ಕಿಲುಬು ಹಿಡಿದಿದೆ. ಆ ಗೋಡೆಯ ಮೇಲೆ ಮುದ್ರೆ ಇವತ್ತಿಗೂ ಬಿದ್ದಿಲ್ಲ.

ಕೇಳಿದ ನಿಮಗೆಲ್ಲ ಒಳ್ಳೆಯದಾಗಲಿ. ಕಿವಿಯಿಂದ ಕೇಳಿದವರಿಗೆ, ಬೆರಳಿನಿಂದ ಓದಿದವರಿಗೆ, ಇನ್ನೊಬ್ಬರ ತುಟಿ ನೋಡಿ ತಿಳಿದುಕೊಂಡವರಿಗೆ ಒಳ್ಳೆಯದಾಗಲಿ. ನೀವು ಚಾಚಿದ ಬೆರಳಿಗೆ ಪ್ರತಿ ಚಿತ್ರವೂ ತನ್ನ ಹೆಸರು ಹೇಳಲಿ. ನಿಮಗೆ ಕಾಣುವ ಹಾವು ಪಕ್ಕದವರಿಗೆ ಕಾಣದಿದ್ದಾಗ, ನಿಮ್ಮ ಬಾಯಿ ತಡಮಾಡದೆ ತೆರೆಯಲಿ. ಹೊಸ್ತಿಲಿಲ್ಲದ ಮನೆಯವನು ನಿಮ್ಮನ್ನೂ, ನಿಮ್ಮ ಮಡಿಲಲ್ಲಿ ನಿದ್ದೆಹೋದ ಮಕ್ಕಳನ್ನೂ ಕಾಯಲಿ.